ಆಕಾಶದ ಸದ್ದಿಗೆ ಅಳತೆಗೋಲಾದ ಕಾರ್ಲ್ ಜಾನ್ಸ್ಕಿ

ಪವಿತ್ರ ಕುರ್‌ಆನ್ ಆಕಾಶಗಳ ರಚನೆಯ ಬಗ್ಗೆ, ರಾತ್ರಿ ಹಗಲುಗಳ ಬದಲಾವಣೆಯ ಬಗ್ಗೆ ಚಿಂತನೆ ನಡೆಸಲು ಮನುಷ್ಯನಿಗೆ ಮತ್ತೆ ಮತ್ತೆ ಕರೆ ಕೊಡುತ್ತದೆ. ಈ ಕರೆಗೆ ಓಗೊಟ್ಟ ಅಲ್‌ಬಿರೂನಿ, ಇಬ್ನುಲ್ ಹೈಸಮ್, ಉಲುಗ್ ಬೇಗ್ ಮುಂತಾದವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತ. ಆದರೆ ಜ್ಞಾನ ಯಾವುದೇ ಒಂದು ಜನಾಂಗದ ಸೊತ್ತಲ್ಲ. ಎಲ್ಲಿ ಸಿಕ್ಕರೂ ಅದನ್ನು ಆರಿಸಿಕೊಳ್ಳುವುದು ನಮ್ಮ ಹಿರಿಯರ ರೂಢಿ. ಆದ್ದರಿಂದ ಇಲ್ಲಿ ಅಮೆರಿಕದ ಒಬ್ಬ ಯುವ ಇಂಜಿನಿಯರನ ಜೀವನವನ್ನು ಪರಿಚಯಿಸಲಾಗಿದೆ. ಅವರು ಬದುಕಿದ್ದು ಕೇವಲ 44 ವರ್ಷ. ಅದರಲ್ಲಿ ಬಹುಪಾಲು ಕಾಯಿಲೆಯೊಂದಿಗೇ ಕಳೆಯಿತು. ಆದರೂ ಇಂದು ಜಗತ್ತಿನ ಯಾವ ಮೂಲೆಯಲ್ಲಿ ರೇಡಿಯೋ ದೂರದರ್ಶಕ ಕಟ್ಟಿದರೂ ಅದರ ಅಳತೆಯನ್ನು ಅವರ ಹೆಸರಿನಲ್ಲೇ ಬರೆಯಬೇಕು. ಅವರೇ ಕಾರ್ಲ್ ಗುಥೆ ಜಾನ್ಸ್ಕಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಾನ್ಸ್ಕಿ 1905ರ ಅಕ್ಟೋಬರ್ 22ರಂದು ಅಮೆರಿಕದ ಒಕ್ಲಹಾಮಾದ ನಾರ್ಮನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಸಿರಿಲ್ ಜಾನ್ಸ್ಕಿ ಇಂಜಿನಿಯರಿಂಗ್ ಪ್ರಾಧ್ಯಾಪಕರು. ತಮಗೆ ಭೌತಶಾಸ್ತ್ರ ಕಲಿಸಿದ ಗುರು ಕಾರ್ಲ್ ಗುಥೆಯವರ ಮೇಲಿನ ಗೌರವದಿಂದ ಅವರ ಹೆಸರನ್ನೇ ಮಗನಿಗೆ ಇಟ್ಟರು. ಮನೆಯಲ್ಲಿ ಪುಸ್ತಕ, ಉಪಕರಣ, ವಿಜ್ಞಾನದ ಮಾತುಕತೆಗಳಿಗೆ ಕೊರತೆ ಇರಲಿಲ್ಲ. ಕಾರ್ಲ್‌ಗಿಂತ ಸುಮಾರು 10 ವರ್ಷ ದೊಡ್ಡವರಾದ ಅಣ್ಣ ಆಗಲೇ ರೇಡಿಯೋ ಇಂಜಿನಿಯರ್ ಆಗಿ ಹೆಸರು ಮಾಡುತ್ತಿದ್ದರು.

ಕುಟುಂಬ ವಿಸ್ಕಾನ್ಸಿನ್ ರಾಜ್ಯಕ್ಕೆ ಬಂದು ನೆಲೆಸಿದ್ದರಿಂದ ಕಾರ್ಲ್ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಓದಿ 1927ರಲ್ಲಿ ಭೌತಶಾಸ್ತ್ರದ ಪದವಿ ಪಡೆದರು. ಓದಿನಷ್ಟೇ ಆಟದಲ್ಲೂ ಮುಂದು. ಮಂಜಿನ ಮೇಲೆ ಆಡುವ ಹಾಕಿಯಲ್ಲಿ ವಿಶ್ವವಿದ್ಯಾಲಯದ ತಂಡದ ಆಟಗಾರರಾಗಿದ್ದರು. ಇದೇ ಕಾಲದಲ್ಲಿ ಅವರಿಗೆ ಮೂತ್ರಪಿಂಡದ ಕಾಯಿಲೆ ಇರುವುದು ಪತ್ತೆಯಾಯಿತು. ಆ ದಿನಗಳಲ್ಲಿ ಡಯಾಲಿಸಿಸ್ ಇರಲಿಲ್ಲ, ಮೂತ್ರಪಿಂಡ ಬದಲಾಯಿಸುವ ಶಸ್ತ್ರಚಿಕಿತ್ಸೆಯೂ ಇರಲಿಲ್ಲ. ಪಥ್ಯ ಮತ್ತು ವಿಶ್ರಾಂತಿಯೇ ಔಷಧ.

1928ರಲ್ಲಿ ಅವರು ಬೆಲ್ ಟೆಲಿಫೋನ್ ಪ್ರಯೋಗಾಲಯಕ್ಕೆ ಅರ್ಜಿ ಹಾಕಿದರು. ವೈದ್ಯಕೀಯ ತಪಾಸಣೆಯಲ್ಲಿ ಕಾಯಿಲೆ ಗೊತ್ತಾದಾಗ ಸಂಸ್ಥೆ ಹಿಂದೇಟು ಹಾಕಿತು. ಅಣ್ಣನಿಗೆ ಅಲ್ಲಿನ ಅಧಿಕಾರಿಗಳ ಪರಿಚಯವಿತ್ತು. ಅವರು ತಮ್ಮನ ಪ್ರತಿಭೆಯ ಬಗ್ಗೆ ಭರವಸೆ ನೀಡಿದ ಮೇಲೆ ನೌಕರಿ ಸಿಕ್ಕಿತು. ಆದರೆ ನ್ಯೂಯಾರ್ಕ್ ನಗರದ ಗಡಿಬಿಡಿ ಇವರ ಆರೋಗ್ಯಕ್ಕೆ ಒಗ್ಗದೆಂದು ನ್ಯೂಜೆರ್ಸಿಯ ಹಳ್ಳಿಗಾಡಿನ ಕೇಂದ್ರಕ್ಕೆ ಕಳುಹಿಸಲಾಯಿತು. ಕಾಯಿಲೆಯ ಕಾರಣಕ್ಕೆ ಸಿಕ್ಕ ಆ ನಿಶ್ಶಬ್ದ ಬಯಲೇ ಮುಂದೆ ಅವರ ಸಾಧನೆಗೆ ನೆಲೆಯಾಯಿತು.

ಒಪ್ಪಿಸಿದ ಕೆಲಸ

1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೋ ಮೂಲಕ ದೂರವಾಣಿ ಸೇವೆ ಆರಂಭವಾಗಿತ್ತು. ಮೂರು ನಿಮಿಷದ ಮಾತಿಗೆ 75 ಡಾಲರ್ ಶುಲ್ಕ. ಇಷ್ಟು ಹಣ ಕೊಟ್ಟವರಿಗೆ ಎಷ್ಟೋ ಸಲ ಮಾತಿಗಿಂತ ಕರಕರ ಸದ್ದೇ ಹೆಚ್ಚು ಕೇಳಿಸುತ್ತಿತ್ತು. ಕಿರುತರಂಗಗಳನ್ನು ಬಳಸಿ ಸೇವೆಯನ್ನು ಉತ್ತಮಪಡಿಸಲು ಸಂಸ್ಥೆ ಹೊರಟಿತ್ತು. ಅದಕ್ಕೆ ಮೊದಲು ಈ ತೊಂದರೆಯ ಸದ್ದು ಯಾವ ದಿಕ್ಕಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ಬಲವಾಗಿ ಬರುತ್ತದೆ ಎಂದು ತಿಳಿಯಬೇಕಿತ್ತು. ದಿಕ್ಕು ಗೊತ್ತಾದರೆ ಆಂಟೆನಾಗಳನ್ನು ಅದಕ್ಕೆ ಬೆನ್ನು ತಿರುಗಿಸುವಂತೆ ಕಟ್ಟಬಹುದು. 22 ವರ್ಷದ ಜಾನ್ಸ್ಕಿಗೆ ಒಪ್ಪಿಸಿದ ಕೆಲಸ ಇಷ್ಟೇ. ಇದರಲ್ಲಿ ಖಗೋಳಶಾಸ್ತ್ರದ ಸುಳಿವೂ ಇರಲಿಲ್ಲ.

ಆಂಟೆನಾದ ಯೋಜನೆ

ಸದ್ದಿನ ದಿಕ್ಕು ಕಂಡುಹಿಡಿಯಬೇಕಾದರೆ ಎಲ್ಲ ಕಡೆಯಿಂದಲೂ ಸಮನಾಗಿ ಕೇಳುವ ಒಂಟಿ ಕಂಬಿ ಸಾಲದು. ಒಂದೇ ದಿಕ್ಕಿಗೆ ಕಿವಿಗೊಡುವ ಆಂಟೆನಾ ಬೇಕು. ಅದಕ್ಕಾಗಿ ಜಾನ್ಸ್ಕಿ ಸಹೋದ್ಯೋಗಿ ಎಡ್ಮಂಡ್ ಬ್ರೂಸ್ ರೂಪಿಸಿದ್ದ ಆಂಟೆನಾ ಸಾಲಿನ ಮಾದರಿಯನ್ನು ಆರಿಸಿಕೊಂಡರು. ಒಂದೇ ಆಂಟೆನಾಕ್ಕೆ ಬದಲಾಗಿ ಹಲವು ತುಂಡುಗಳನ್ನು ಲೆಕ್ಕಾಚಾರದ ಅಂತರದಲ್ಲಿ ಸಾಲಾಗಿ ನಿಲ್ಲಿಸಿ, ಅವೆಲ್ಲ ಹಿಡಿದ ಅಲೆಗಳನ್ನು ಒಟ್ಟುಗೂಡಿಸುವುದು ಇದರ ತತ್ವ. ಎದುರಿನಿಂದ ಬಂದ ಅಲೆಗಳು ಒಂದರೊಡನೊಂದು ಹೆಜ್ಜೆ ಕೂಡಿಸಿ ಬಲಗೊಳ್ಳುತ್ತವೆ. ಪಕ್ಕದಿಂದ ಬಂದವು ಹೆಜ್ಜೆ ತಪ್ಪಿ ಒಂದನ್ನೊಂದು ಅಳಿಸಿಹಾಕುತ್ತವೆ. ಜಮಾಅತ್ ನಮಾಝಿನಲ್ಲಿ ಸಫ್ ನೇರವಾಗಿರಬೇಕು ಎನ್ನುವಂತೆ, ಆಂಟೆನಾ ಸಾಲಿನಲ್ಲೂ ಒಂದು ತುಂಡು ಜಾಗ ತಪ್ಪಿದರೆ ಇಡೀ ಸಾಲಿನ ಗುಣ ಕೆಡುತ್ತದೆ.

ತರಂಗದೂರ ಮೊದಲು ನಿರ್ಧಾರವಾಗಬೇಕು. ಆಂಟೆನಾದ ಪ್ರತಿಯೊಂದು ಅಳತೆಯೂ ಅದರಿಂದಲೇ ಹುಟ್ಟುತ್ತದೆ. ಜಾನ್ಸ್ಕಿ ಆರಿಸಿದ್ದು 20.5 ಮೆಗಾಹರ್ಟ್ಜ್ ಆವೃತ್ತಿ, ಅಂದರೆ ಸುಮಾರು 14.6 ಮೀಟರ್ ತರಂಗದೂರ. ಇದು ದೂರವಾಣಿಗೆ ಬೇಕಾದ ಕಿರುತರಂಗದ ವ್ಯಾಪ್ತಿಯಲ್ಲಿತ್ತು. ಇದರ ಎರಡು ಪಟ್ಟು, ಅಂದರೆ ಸುಮಾರು 30 ಮೀಟರ್ ಉದ್ದದ ಆಂಟೆನಾ ಸಿದ್ಧವಾಯಿತು. ಮರದ ಚೌಕಟ್ಟಿನ ಮೇಲೆ ಹಿತ್ತಾಳೆಯ ಕೊಳವೆಗಳನ್ನು ಎರಡು ಪರದೆಗಳಂತೆ ಜೋಡಿಸಲಾಗಿತ್ತು. ಒಂದು ಪರದೆ ಅಲೆಗಳನ್ನು ಹಿಡಿದು ರಿಸೀವರಿಗೆ ಕಳುಹಿಸಿದರೆ, ಅದರ ಹಿಂದಿನದು ಕನ್ನಡಿಯಂತೆ ಕೆಲಸ ಮಾಡುತ್ತಿತ್ತು. ಇದರಿಂದಾಗಿ ಆಂಟೆನಾ ಮುಂದಿನಿಂದ ಬಂದದ್ದನ್ನು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಇಷ್ಟು ದೊಡ್ಡ ವಸ್ತುವನ್ನು ಎಲ್ಲ ದಿಕ್ಕಿಗೂ ತಿರುಗಿಸುವುದು ಹೇಗೆ? ಜಾನ್ಸ್ಕಿ ಅದನ್ನು ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ನಾಲ್ಕು ಚಕ್ರಗಳ ಮೇಲೆ ಕೂರಿಸಿದರು. ಮೋಟಾರಿನ ಸಹಾಯದಿಂದ ಅದು ವೃತ್ತಾಕಾರದ ಹಾದಿಯಲ್ಲಿ 20 ನಿಮಿಷಕ್ಕೊಂದು ಸುತ್ತು ಹಾಕುತ್ತಿತ್ತು. 1930ರಲ್ಲಿ ಪ್ರಯೋಗಾಲಯ ಹೋಲ್ಮ್‌ಡೆಲ್ ಎಂಬ ಊರಿನ ಹೊಲಗಳ ನಡುವೆ ನೆಲೆಗೊಂಡಾಗ ಆಂಟೆನಾ ಅಲ್ಲಿ ಮೇಲೆದ್ದಿತು. ಜಾತ್ರೆಯ ತಿರುಗುವ ಕುದುರೆಗಳನ್ನು ನೆನಪಿಸುವಂತಿದ್ದುದರಿಂದ ಸಹೋದ್ಯೋಗಿಗಳು ಅದನ್ನು ಜಾನ್ಸ್ಕಿಯ ತಿರುಗಣೆ ಎಂದು ತಮಾಷೆ ಮಾಡುತ್ತಿದ್ದರು.

ಅಳತೆ ಸರಿಪಡಿಸುವ ಶ್ರಮ

ಆಂಟೆನಾ ಕಟ್ಟಿದರೆ ಅರ್ಧ ಕೆಲಸ ಮುಗಿದಂತೆ. ಅದು ತೋರಿಸುವ ಅಳತೆ ನಂಬುವಂತಹುದೇ ಎಂದು ಪರೀಕ್ಷಿಸುವುದು ಉಳಿದರ್ಧ. ಇದನ್ನು ಕ್ಯಾಲಿಬ್ರೇಷನ್ ಎನ್ನುತ್ತಾರೆ. ಅಂಗಡಿಯ ತಕ್ಕಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಖಾಲಿ ಇದ್ದಾಗ ಅದರ ಎರಡೂ ತಟ್ಟೆಗಳು ಸಮವಾಗಿ ನಿಲ್ಲಬೇಕು. ಬಳಸುವ ಬಟ್ಟುಗಳು ಮುದ್ರೆ ಬಿದ್ದ ಸರಿಯಾದ ತೂಕದವಾಗಿರಬೇಕು. ಇವೆರಡೂ ಇಲ್ಲದಿದ್ದರೆ ಎಷ್ಟು ಎಚ್ಚರಿಕೆಯಿಂದ ತೂಗಿದರೂ ತೂಕ ಸುಳ್ಳು. ಅಳತೆ ತೂಕದಲ್ಲಿ ಮೋಸ ಕೂಡದೆಂದು ನಮ್ಮ ಧರ್ಮ ವ್ಯಾಪಾರಿಗೆ ವಿಧಿಸಿದ ನಿಯಮವನ್ನು ವಿಜ್ಞಾನಿ ತನ್ನ ಉಪಕರಣಕ್ಕೆ ವಿಧಿಸಿಕೊಳ್ಳುತ್ತಾನೆ.

ರಿಸೀವರಿನ ವಿಷಯದಲ್ಲಿ ಖಾಲಿ ತಕ್ಕಡಿಯ ಪರೀಕ್ಷೆ ಬಹಳ ಮುಖ್ಯ. ಆಂಟೆನಾದಿಂದ ಏನೂ ಬಾರದಿದ್ದರೂ ರಿಸೀವರ್ ತಾನೇ ಸಣ್ಣ ಸದ್ದು ಮಾಡುತ್ತದೆ. ತಂತಿಯೊಳಗಿನ ಇಲೆಕ್ಟ್ರಾನುಗಳು ಶಾಖದಿಂದ ಅತ್ತಿತ್ತ ಓಡಾಡುವುದೇ ಅದಕ್ಕೆ ಕಾರಣ. ಈ ಸಂಗತಿಯನ್ನು 1928ರಲ್ಲಿ ವಿವರಿಸಿದವರು ಅದೇ ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್. ಹೊರಗಿನಿಂದ ಬಂದ ಸದ್ದು ಯಾವುದು, ಯಂತ್ರದ್ದೇ ಸದ್ದು ಯಾವುದು ಎಂದು ಬೇರ್ಪಡಿಸದೆ ಅತಿ ಸಣ್ಣ ಸಂಕೇತಗಳ ಬಗ್ಗೆ ಏನನ್ನೂ ಹೇಳುವಂತಿರಲಿಲ್ಲ. ಮೇಲಧಿಕಾರಿ ಹೆರಾಲ್ಡ್ ಫ್ರೀಸ್ ಅವರು ರಿಸೀವರ್ ತಯಾರಿಕೆಯಲ್ಲಿ ಪಳಗಿದವರಾಗಿದ್ದರಿಂದ ಜಾನ್ಸ್ಕಿಗೆ ಆ ಕಾಲದ ಅತ್ಯುತ್ತಮ ರಿಸೀವರ್ ಒದಗಿತು. ಸಂಕೇತದ ಏರಿಳಿತವನ್ನು ಚಲಿಸುವ ಕಾಗದದ ಸುರುಳಿಯ ಮೇಲೆ ಲೇಖನಿಯೊಂದು ತಾನಾಗಿಯೇ ಗೆರೆಯಾಗಿ ಬರೆಯುತ್ತಿತ್ತು. ಆಂಟೆನಾ ಯಾವ ಹೊತ್ತಿನಲ್ಲಿ ಯಾವ ದಿಕ್ಕಿಗಿತ್ತು ಎಂಬುದೂ ಗೊತ್ತಿದ್ದುದರಿಂದ ಗೆರೆಯ ಪ್ರತಿಯೊಂದು ಉಬ್ಬಿಗೂ ದಿಕ್ಕು ಹೇಳಬಹುದಿತ್ತು.

ಮೂರನೆಯ ಸದ್ದು

1931ರಿಂದ ದಾಖಲೆಗಳು ನಿರಂತರವಾಗಿ ಬರತೊಡಗಿದವು. ಜಾನ್ಸ್ಕಿ ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಹತ್ತಿರದ ಗುಡುಗು ಸಿಡಿಲಿನದು. ಎರಡನೆಯದು ದೂರದ ಗುಡುಗು ಸಿಡಿಲಿನಿಂದ ಎದ್ದು ವಾಯುಮಂಡಲದ ಮೇಲ್ಪದರದಲ್ಲಿ ಪ್ರತಿಫಲಿಸಿ ಬಂದದ್ದು. ಸಂಸ್ಥೆಗೆ ಬೇಕಾದ ಉತ್ತರ ಬಹುಮಟ್ಟಿಗೆ ಇಲ್ಲಿಗೆ ಸಿಕ್ಕಿತ್ತು. ಮೂರನೆಯದು ಇವೆರಡಕ್ಕೂ ಹೊಂದದ, ಬಹಳ ಕ್ಷೀಣವಾದ, ಒಂದೇ ಸಮನೆ ಸುಯ್ಯೆನ್ನುವ ಸದ್ದು. ಹೆಡ್‌ಫೋನಿನಲ್ಲಿ ಕೇಳಿದರೆ ರಿಸೀವರಿನದೇ ಸದ್ದಿನಂತಿತ್ತು. ಬೇರೆಯವರಾಗಿದ್ದರೆ ಯಂತ್ರದ ದೋಷವೆಂದು ಬಿಟ್ಟುಬಿಡುತ್ತಿದ್ದರೇನೋ. ಆದರೆ ತಮ್ಮ ಯಂತ್ರದ ಸದ್ದು ಎಷ್ಟೆಂದು ಜಾನ್ಸ್ಕಿಗೆ ತಿಳಿದಿತ್ತು. ಯಂತ್ರದ ಸದ್ದು ಆಂಟೆನಾ ಎತ್ತ ತಿರುಗಿದರೂ ಒಂದೇ ಆಗಿರುತ್ತದೆ. ಇದಾದರೋ ಆಂಟೆನಾ ಒಂದು ನಿರ್ದಿಷ್ಟ ದಿಕ್ಕಿಗೆ ಬಂದಾಗಲೆಲ್ಲ ಏರುತ್ತಿತ್ತು. 20 ನಿಮಿಷಕ್ಕೊಂದು ಉಬ್ಬು ಕಾಗದದ ಮೇಲೆ ಮೂಡುತ್ತಿತ್ತು.

ಆ ದಿಕ್ಕು ದಿನವಿಡೀ ನಿಧಾನವಾಗಿ ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತಿತ್ತು. ಮೊದಲಿಗೆ ಇದು ಸೂರ್ಯನದೇ ಇರಬೇಕೆಂದು ಜಾನ್ಸ್ಕಿ ಭಾವಿಸಿದರು. 1931ರ ಕೊನೆಯ, 1932ರ ಮೊದಲ ವಾರಗಳಲ್ಲಿ ಸದ್ದಿನ ದಿಕ್ಕೂ ಸೂರ್ಯನ ದಿಕ್ಕೂ ಬಹುತೇಕ ಒಂದೇ ಆಗಿತ್ತು. ಅಲ್ಲಿಗೇ ನಿಲ್ಲಿಸಿ ಲೇಖನ ಬರೆದಿದ್ದರೆ ಅವರ ತೀರ್ಮಾನ ತಪ್ಪಾಗುತ್ತಿತ್ತು. ಅವರು ಅವಸರಪಡದೆ ತಿಂಗಳುಗಟ್ಟಲೆ ದಾಖಲೆ ಸಂಗ್ರಹಿಸಿದರು. ವಾರಗಳು ಕಳೆದಂತೆ ಸದ್ದು ಸೂರ್ಯನನ್ನು ಬಿಟ್ಟು ದೂರ ಸರಿಯಿತು.

ನಾಲ್ಕು ನಿಮಿಷದ ಗುಟ್ಟು

ಸದ್ದು ತುತ್ತತುದಿಗೆ ಏರುವ ಹೊತ್ತು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮೊದಲೇ ಬರುತ್ತಿತ್ತು. ಅಂದರೆ ಅದರ ಆವರ್ತ 24 ಗಂಟೆ ಅಲ್ಲ, 23 ಗಂಟೆ 56 ನಿಮಿಷ. ಜಾನ್ಸ್ಕಿಗೆ ಖಗೋಳಶಾಸ್ತ್ರದ ಪರಿಚಯ ಹೆಚ್ಚಿರಲಿಲ್ಲ. ಅದೇ ಸಂಸ್ಥೆಯಲ್ಲಿದ್ದ ಗೆಳೆಯ ಸ್ಕೆಲೆಟ್ ಆ ವಿಷಯ ಓದಿಕೊಂಡವರು. ಅವರ ನೆರವಿನಿಂದ ಗುಟ್ಟು ಬಿಚ್ಚಿಕೊಂಡಿತು. 23 ಗಂಟೆ 56 ನಿಮಿಷವೆಂದರೆ ನಾಕ್ಷತ್ರಿಕ ದಿನ. ಭೂಮಿ ತನ್ನ ಸುತ್ತ ತಿರುಗುತ್ತಲೇ ಸೂರ್ಯನ ಸುತ್ತಲೂ ಚಲಿಸುವುದರಿಂದ ಸೂರ್ಯ ಮತ್ತೆ ನೆತ್ತಿಗೆ ಬರಲು ಸರಾಸರಿ 24 ಗಂಟೆ ಬೇಕು. ಆದರೆ ನಕ್ಷತ್ರಗಳು ನಾಲ್ಕು ನಿಮಿಷ ಮೊದಲೇ ಅದೇ ಜಾಗಕ್ಕೆ ಬರುತ್ತವೆ. ತಿಂಗಳಿಗೆ ಇದು ಎರಡು ಗಂಟೆಯಾಗುತ್ತದೆ, ವರ್ಷಕ್ಕೆ ಒಂದು ಪೂರ್ಣ ದಿನವಾಗುತ್ತದೆ. ಮಸೀದಿಗಳಲ್ಲಿ ನಮಾಝಿನ ವೇಳೆ ನಿರ್ಣಯಿಸುತ್ತಿದ್ದ ಮುವಕ್ಕಿತರು ಈ ಲೆಕ್ಕವನ್ನು ಶತಮಾನಗಳ ಹಿಂದೆಯೇ ಚೆನ್ನಾಗಿ ಬಲ್ಲವರಾಗಿದ್ದರು. 14ನೇ ಶತಮಾನದಲ್ಲಿ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿದ್ದ ಇಬ್ನು ಶಾತಿರ್ ಇದಕ್ಕೆ ಉತ್ತಮ ಉದಾಹರಣೆ.

ಸದ್ದು ನಕ್ಷತ್ರಗಳ ಗಡಿಯಾರಕ್ಕೆ ನಡೆಯುತ್ತಿದೆ ಎಂದ ಮೇಲೆ ಅದು ಭೂಮಿಯದ್ದೂ ಅಲ್ಲ, ಸೂರ್ಯನದೂ ಅಲ್ಲ. ಒಂದು ವರ್ಷದ ದಾಖಲೆಗಳಿಂದ ಲೆಕ್ಕ ಹಾಕಿದಾಗ ಅದರ ದಿಕ್ಕು ಧನು ರಾಶಿಯ ಕಡೆಗೆ, ನಮ್ಮ ಕ್ಷೀರಪಥದ ನಡುಭಾಗಕ್ಕೆ ಹತ್ತಿರವಾಗಿತ್ತು. ತರಂಗದೂರದ ಎರಡು ಪಟ್ಟು ಮಾತ್ರ ಉದ್ದವಿದ್ದ ಆಂಟೆನಾದ ನೋಟ ಬಹಳ ಅಗಲ. ಆದ್ದರಿಂದ ಇನ್ನೂ ನಿಖರವಾಗಿ ಹೇಳುವುದು ಸಾಧ್ಯವಿರಲಿಲ್ಲ. 1935ರ ಲೇಖನದಲ್ಲಿ ಜಾನ್ಸ್ಕಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲೆಗಳು ಇಡೀ ಕ್ಷೀರಪಥದಿಂದ ಬರುತ್ತಿವೆ, ನಡುಭಾಗದ ಕಡೆ ಅವು ಹೆಚ್ಚು ಪ್ರಬಲ ಎಂದು ತಿಳಿಸಿದರು.

ಪ್ರಚಾರ ಬಂತು, ಬೆಂಬಲ ಬರಲಿಲ್ಲ

1933ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನ ವಿಜ್ಞಾನಿಗಳ ಸಭೆಯಲ್ಲಿ ಜಾನ್ಸ್ಕಿ ತಮ್ಮ ಶೋಧವನ್ನು ಮಂಡಿಸಿದರು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಮುಖಪುಟದಲ್ಲಿ ಪ್ರಕಟಿಸಿತು. ಅದೇ ತಿಂಗಳು ರೇಡಿಯೋ ಕೇಂದ್ರವೊಂದು ನಕ್ಷತ್ರಲೋಕದ ಆ ಸದ್ದನ್ನೇ ಜನರಿಗೆ ನೇರವಾಗಿ ಕೇಳಿಸಿತು. ಕೆಲವು ದಿನ ಎಲ್ಲೆಡೆ ಇದೇ ಮಾತು. ಆದರೆ ಖಗೋಳಶಾಸ್ತ್ರಜ್ಞರು ಹೆಚ್ಚು ಆಸಕ್ತಿ ತೋರಲಿಲ್ಲ. ಅವರಿಗೆ ರೇಡಿಯೋ ತಂತ್ರಜ್ಞಾನ ಗೊತ್ತಿರಲಿಲ್ಲ. ರೇಡಿಯೋ ಇಂಜಿನಿಯರುಗಳಿಗೆ ಆಕಾಶ ಗೊತ್ತಿರಲಿಲ್ಲ. ಎರಡೂ ಕಡೆಗೆ ಸೇರದ ಶೋಧ ನಡುವೆ ಅನಾಥವಾಯಿತು.

ಅದು ಮಹಾ ಆರ್ಥಿಕ ಮುಗ್ಗಟ್ಟಿನ ಕಾಲ. ದೂರವಾಣಿ ಕಂಪನಿಗೆ ಬೇಕಾದ ಉತ್ತರ ಸಿಕ್ಕಾಗಿತ್ತು. ಜಾನ್ಸ್ಕಿಯನ್ನು ಬೇರೆ ಕೆಲಸಗಳಿಗೆ ಹಾಕಲಾಯಿತು. ಸುಮಾರು 30 ಮೀಟರ್ ಅಗಲದ ತಟ್ಟೆಯಾಕಾರದ ಆಂಟೆನಾ ಕಟ್ಟಿ ಸಂಶೋಧನೆ ಮುಂದುವರಿಸುವ ಆಸೆ ಅವರಿಗಿತ್ತೆಂದೂ ಅದಕ್ಕೆ ಅವಕಾಶ ಸಿಗಲಿಲ್ಲವೆಂದೂ ಅವರ ಜೀವನ ಬರೆದವರು ಹೇಳುತ್ತಾರೆ. ಈ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ತಮ್ಮನಿಗೆ ಅನ್ಯಾಯವಾಯಿತೆಂದು ಅಣ್ಣ ಬರೆದರು. ಕಾರ್ಲ್ ತಮ್ಮ ಬಳಿ ಅಂತಹ ಬೇಡಿಕೆಯನ್ನೇ ಇಟ್ಟಿರಲಿಲ್ಲ, ಖಗೋಳಶಾಸ್ತ್ರಜ್ಞರೂ ಕೇಳಲಿಲ್ಲ ಎಂದು ಫ್ರೀಸ್ ನಂತರದ ವರ್ಷಗಳಲ್ಲಿ ವಿವರಣೆ ಕೊಟ್ಟರು. ಆದರೆ ಆ ದಿನಗಳಲ್ಲಿ ಕಾರ್ಲ್ ತಂದೆಗೆ ಬರೆದ ಪತ್ರಗಳಲ್ಲಿ ನಿರಾಸೆ ಎದ್ದು ಕಾಣುತ್ತದೆ. ಕಾಯಿಲೆ ಇರುವ, ಹೆಂಡತಿ ಮಕ್ಕಳ ಹೊಣೆಯಿರುವ ನೌಕರ, ಸಾವಿರಾರು ಜನ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಎಷ್ಟು ಗಟ್ಟಿಯಾಗಿ ಕೇಳಿಯಾನು ಎಂಬುದನ್ನೂ ನಾವು ಯೋಚಿಸಬೇಕು.

ಅವರ ಲೇಖನಗಳನ್ನು ಓದಿ ಉತ್ಸಾಹಗೊಂಡವರು ಗ್ರೋಟ್ ರೇಬರ್ ಎಂಬ ಇನ್ನೊಬ್ಬ ಯುವ ಇಂಜಿನಿಯರ್. ಅವರು 1937ರಲ್ಲಿ ಇಲಿನಾಯ್ ರಾಜ್ಯದ ತಮ್ಮ ಮನೆಯ ಹಿತ್ತಿಲಲ್ಲಿ, ಸ್ವಂತ ಹಣದಿಂದ ಸುಮಾರು 9 ಮೀಟರ್ ಅಗಲದ ತಟ್ಟೆ ಆಂಟೆನಾ ಕಟ್ಟಿದರು. ಜಾನ್ಸ್ಕಿ ಕೇಳಿದ ಅಲೆಗಳನ್ನು ಖಚಿತಪಡಿಸಿ ರೇಡಿಯೋ ಆಕಾಶದ ಮೊದಲ ನಕ್ಷೆ ತಯಾರಿಸಿದರು.

ಕೊನೆಯ ದಿನಗಳು

ಎರಡನೇ ಮಹಾಯುದ್ಧದಲ್ಲಿ ಜಾನ್ಸ್ಕಿ ಜರ್ಮನಿಯ ಜಲಾಂತರ್ಗಾಮಿಗಳು ಕಳುಹಿಸುವ ಸಂಕೇತಗಳ ದಿಕ್ಕು ಹುಡುಕುವ ಉಪಕರಣಗಳ ಮೇಲೆ ಕೆಲಸ ಮಾಡಿ ಸರಕಾರದ ಪ್ರಶಂಸೆ ಪಡೆದರು. ಯುದ್ಧದ ನಂತರ ಮೈಕ್ರೋವೇವ್ ಸಂಪರ್ಕದ ಉಪಕರಣಗಳಲ್ಲಿ ತೊಡಗಿದರು. ಇತ್ತ ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ರೇಡಾರ್ ಕಲಿತ ಯುವಕರು ರೇಡಿಯೋ ಖಗೋಳಶಾಸ್ತ್ರವನ್ನು ವೇಗವಾಗಿ ಬೆಳೆಸುತ್ತಿದ್ದರು. ಅದನ್ನು ಪೂರ್ತಿಯಾಗಿ ನೋಡುವ ಆಯುಷ್ಯ ಜಾನ್ಸ್ಕಿಗೆ ಇರಲಿಲ್ಲ. 1950ರ ಫೆಬ್ರವರಿ 14ರಂದು ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಎಂಬಲ್ಲಿ ಅವರು ನಿಧನರಾದರು. ಈ ಶೋಧಕ್ಕಾಗಿ ದೊಡ್ಡ ಪ್ರಶಸ್ತಿ ಯಾವುದೂ ಅವರ ಜೀವಿತಕಾಲದಲ್ಲಿ ಬರಲಿಲ್ಲ.

ಹೆಸರೇ ಅಳತೆಯಾಯಿತು

ಕಾಲ ಅವರ ಋಣವನ್ನು ಬೇರೆ ರೀತಿಯಲ್ಲಿ ತೀರಿಸಿತು. 1973ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಆಕಾಶದಿಂದ ಬರುವ ರೇಡಿಯೋ ಅಲೆಗಳ ಪ್ರಬಲತೆಯ ಮೂಲಮಾನಕ್ಕೆ ಜಾನ್ಸ್ಕಿ ಎಂದು ಹೆಸರಿಟ್ಟಿತು. ಒಂದು ವಾಟ್ ಶಕ್ತಿಯನ್ನು, ಒಂದರ ಮುಂದೆ 26 ಸೊನ್ನೆ ಬರೆದರೆ ಆಗುವ ಸಂಖ್ಯೆಯಿಂದ ಭಾಗಿಸಬೇಕು. ಅಷ್ಟು ಅಲ್ಪ ಶಕ್ತಿ ಒಂದು ಚದರ ಮೀಟರ್ ಮೇಲೆ, ಒಂದು ಹರ್ಟ್ಜ್ ಅಗಲದ ಆವೃತ್ತಿಯಲ್ಲಿ ಬಿದ್ದರೆ ಅದು ಒಂದು ಜಾನ್ಸ್ಕಿ.

ಇಂದಿನ ದೂರದರ್ಶಕಗಳು ಹತ್ತಾರು ಆಂಟೆನಾಗಳ ಸಮೂಹ. ಪುಣೆ ಸಮೀಪದ ನಾರಾಯಣಗಾಂವ್ ಬಳಿಯ ಬೃಹತ್ ಮೀಟರ್ ತರಂಗ ದೂರದರ್ಶಕದಲ್ಲಿ ತಲಾ 45 ಮೀಟರ್ ಅಗಲದ 30 ಆಂಟೆನಾಗಳು ಸುಮಾರು 25 ಕಿಲೋಮೀಟರ್ ಉದ್ದಗಲದಲ್ಲಿ ಹರಡಿವೆ. ಹೀಗೆ ದೂರ ದೂರ ಇಡುವುದರಿಂದ ನೋಟ ಸೂಕ್ಷ್ಮವಾಗುತ್ತದೆ. ಆದರೆ ಪ್ರತಿ ಆಂಟೆನಾದ ರಿಸೀವರ್ ಬೇರೆ, ಕೇಬಲ್ ಬೇರೆ, ಮೇಲಿನ ವಾಯುಮಂಡಲವೂ ಬೇರೆ. ಅವೆಲ್ಲ ಹೆಜ್ಜೆ ಕೂಡಿಸುವಂತೆ ಮಾಡುವುದು ಹೇಗೆ? ವೀಕ್ಷಣೆಯ ನಡುನಡುವೆ ಪರಿಚಿತವಾದ, ಸ್ಥಿರವಾದ ಮೂಲವೊಂದರ ಕಡೆ ಎಲ್ಲ ಆಂಟೆನಾಗಳನ್ನೂ ತಿರುಗಿಸುತ್ತಾರೆ. 3ಸಿ 286 ಎಂಬ ಕ್ವಾಸಾರ್ ಅಂತಹುದು. 1.4 ಗಿಗಾಹರ್ಟ್ಜ್‌ನಲ್ಲಿ ಅದರ ಪ್ರಬಲತೆ ಸುಮಾರು 15 ಜಾನ್ಸ್ಕಿ. ಅದನ್ನು ನೋಡಿದಾಗ ಯಾವ ಆಂಟೆನಾ ಎಷ್ಟು ತಪ್ಪು ತೋರಿಸುತ್ತದೆಂದು ತಿಳಿದು, ಲೆಕ್ಕದಲ್ಲಿ ಸರಿಪಡಿಸುತ್ತಾರೆ. ಮುದ್ರೆ ಬಿದ್ದ ಬಟ್ಟಿನಿಂದ ತಕ್ಕಡಿ ಪರೀಕ್ಷಿಸಿದಂತೆಯೇ ಇದು.

ನಮ್ಮ ಕರ್ನಾಟಕದ ಗೌರಿಬಿದನೂರಿನ ಬಳಿಯೂ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಒಂದು ಸಾವಿರ ಡೈಪೋಲ್‌ಗಳ ಆಂಟೆನಾ ಸಾಲನ್ನು ಕಟ್ಟಿದವು. ಅದರ ಆವೃತ್ತಿ 34.5 ಮೆಗಾಹರ್ಟ್ಜ್. ಜಾನ್ಸ್ಕಿಯ 20.5ಕ್ಕೆ ಅದು ಹತ್ತಿರದ ನೆಂಟ.

ಹೋಲ್ಮ್‌ಡೆಲ್‌ನ ಮಣ್ಣಿನ ಗುಣವೋ ಏನೋ, 1964ರಲ್ಲಿ ಅದೇ ಊರಿನ ಅದೇ ಸಂಸ್ಥೆಯಲ್ಲಿ ಪೆಂಝಿಯಾಸ್ ಮತ್ತು ವಿಲ್ಸನ್ ಇನ್ನೊಂದು ವಿವರಿಸಲಾಗದ ಸದ್ದನ್ನು ಕಂಡರು. ಅವರೂ ಆಂಟೆನಾದ ಪ್ರತಿಯೊಂದು ದೋಷವನ್ನೂ ಅಳೆದು ತೆಗೆದ ಮೇಲೂ ಆ ಸದ್ದು ಉಳಿಯಿತು. ಅದು ವಿಶ್ವದ ಆರಂಭಕಾಲದಿಂದ ಉಳಿದ ವಿಕಿರಣವಾಗಿತ್ತು. 1978ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜಾನ್ಸ್ಕಿ ಬೆರಳು ತೋರಿಸಿದ ಧನು ರಾಶಿಯ ದಿಕ್ಕಿನಲ್ಲೇ ನಮ್ಮ ಕ್ಷೀರಪಥದ ಬೃಹತ್ ಕಪ್ಪುರಂಧ್ರ ಇದೆ. 2022ರಲ್ಲಿ ವಿಜ್ಞಾನಿಗಳು ಅದರ ಚಿತ್ರವನ್ನು ಪ್ರಕಟಿಸಿದರು. ಅದಕ್ಕೂ ಬಳಸಿದ್ದು ಭೂಗೋಳದ ಉದ್ದಗಲಕ್ಕೆ ಹರಡಿದ ರೇಡಿಯೋ ದೂರದರ್ಶಕಗಳ ಸಮೂಹವನ್ನೇ. ಜಾನ್ಸ್ಕಿಯ ತಿರುಗಣೆ ನಿಂತಿದ್ದ ಜಾಗದಲ್ಲಿ 1998ರಲ್ಲಿ ಸ್ಮಾರಕ ನಿರ್ಮಾಣವಾಯಿತು. 2012ರಲ್ಲಿ ನ್ಯೂಮೆಕ್ಸಿಕೋದ 27 ಆಂಟೆನಾಗಳ ಪ್ರಸಿದ್ಧ ದೂರದರ್ಶಕಕ್ಕೂ ಅವರ ಹೆಸರಿಡಲಾಯಿತು.

ವಿದ್ಯಾರ್ಥಿಗಳಿಗೆ

ವಿದ್ಯಾರ್ಥಿ ಮಿತ್ರರೇ, ಈ ಜೀವನದಿಂದ ನಾವು ಕಲಿಯಬೇಕಾದದ್ದು ಬಹಳಷ್ಟಿದೆ. ಜಾನ್ಸ್ಕಿ ದೊಡ್ಡ ಸಂಶೋಧನೆ ಮಾಡಲು ಹೊರಟವರಲ್ಲ. ಒಪ್ಪಿಸಿದ ಸಣ್ಣ ಕೆಲಸವನ್ನು ಪೂರ್ಣ ಪ್ರಾಮಾಣಿಕತೆಯಿಂದ ಮಾಡಿದರು. ತಮ್ಮ ಉಪಕರಣದ ದೋಷವನ್ನು ತಾವೇ ಮೊದಲು ಹುಡುಕಿದರು. ಹಾಗಾಗಿಯೇ ಉಳಿದದ್ದು ದೋಷವಲ್ಲ, ಸತ್ಯ ಎಂದು ಧೈರ್ಯದಿಂದ ಹೇಳಬಲ್ಲವರಾದರು. ಗೊತ್ತಿಲ್ಲದ ವಿಷಯವನ್ನು ಗೆಳೆಯನಿಂದ ಕೇಳಿ ತಿಳಿಯಲು ಸಂಕೋಚಪಡಲಿಲ್ಲ. ದೇಹ ಕೈಕೊಟ್ಟಾಗಲೂ, ಅವಕಾಶ ತಪ್ಪಿದಾಗಲೂ ಸಬ್ರ್ ಕಳೆದುಕೊಳ್ಳದೆ ಕೈಯಲ್ಲಿದ್ದ ಕೆಲಸವನ್ನು ಮುಂದುವರಿಸಿದರು.

ಪ್ರತಿಭೆ ಇದ್ದೂ ಬೆಂಬಲ ಸಿಗದೆ ಅರ್ಧಕ್ಕೆ ನಿಂತ ವಿದ್ಯಾರ್ಥಿಗಳು ನಮ್ಮ ಸಮುದಾಯದಲ್ಲೂ ಇದ್ದಾರೆ. ಅಣ್ಣನೊಬ್ಬ ಮುಂದೆ ನಿಂತು ಹೇಳಿದ್ದರಿಂದ ಜಾನ್ಸ್ಕಿಗೆ ಬಾಗಿಲು ತೆರೆಯಿತು. ಆಮೇಲೆ ಯಾರೂ ಮುಂದೆ ನಿಲ್ಲದ್ದರಿಂದ ಕೆಲಸ ಅಲ್ಲಿಗೇ ನಿಂತಿತು. ನಮ್ಮಂತಹ ಶೈಕ್ಷಣಿಕ ಸಂಘಗಳ ಹೊಣೆ ಏನೆಂಬುದನ್ನು ಈ ಎರಡು ಸಂಗತಿಗಳೇ ತಿಳಿಸುತ್ತವೆ. ಓದುವ ಮಕ್ಕಳ ಪರವಾಗಿ ಒಂದು ಮಾತು ಹೇಳುವ ಅಣ್ಣಂದಿರು ನಮ್ಮಲ್ಲಿ ಹೆಚ್ಚಲಿ. ಸೃಷ್ಟಿಕರ್ತನ ಈ ಅಪಾರ ವಿಶ್ವವನ್ನು ಅರಿಯುವ ಕೆಲಸದಲ್ಲಿ ನಮ್ಮ ಮಕ್ಕಳ ಪಾಲೂ ಇರುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.